ಟಪಾಲಿಗೆ ಹೋಗಿದ್ದಾರೆ

ಬೆಳಿಗ್ಗೆ ಕಾಫಿ ಕುಡಿದು ಮನೆ ಬಿಟ್ಟರೆ ಮಧ್ಯಾಹ್ನದ ಊಟದವರೆಗೆ ನಾನು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಊಟಕ್ಕೂ ಗಟ್ಟಿ ಮೊಸರನ್ನ ಕಲಸಿಕೊಂಡು ಹೋಗುತ್ತಿದ್ದೆನೇ ಹೊರತು ಸಾರು, ಮಜ್ಜಿಗೆಯ ತಂಟೆಗೆ ಹೋಗುತ್ತಿರಲಿಲ್ಲ. ಅದೇನು ವ್ರತವಲ್ಲ. ರಾಜಾಜಿನಗರದಲ್ಲಿದ್ದ ನಮ್ಮ ಸರ್ಕಾರಿ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಅಷ್ಟೇ. ಈ ಮಾತನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಇದನ್ನು ಬಾಯಿಬಿಟ್ಟು ಹೇಳಲಾರದೆ ನೌಕರಿ ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆ.

ಎಂಬತ್ತರ ದಶಕದ ಕೊನೆಯ ಭಾಗ. ನಾನು ದ್ವಿತೀಯ ದರ್ಜೆ ಸಹಾಯಕಿ. ಜನರಿಂದ ಅರ್ಜಿ ತೆಗೆದುಕೊಂಡು, ರಸೀದಿ ಕೊಟ್ಟು, ಅವರು ಮತ್ತೆ ಮತ್ತೆ ಬಂದು ಕೇಳಿದಾಗ ಸಮಾಧಾನ ಹೇಳುವ ಕೆಲಸ. ಇಲಾಖೆ ಯಾವುದೆಂದು ಹೇಳುವುದು ಬೇಡ. ಕಚೇರಿ ಇದ್ದದ್ದು ಒಂದು ಬಾಡಿಗೆ ಮನೆಯಲ್ಲಿ. ಹಾಲಿನಲ್ಲಿ ನಾವೆಲ್ಲ, ಮಲಗುವ ಕೋಣೆಯಲ್ಲಿ ಅಧಿಕಾರಿ, ಅಡುಗೆಮನೆಯಲ್ಲಿ ಕಾಗದ, ಮಸಿ, ಟೀ ಲೋಟಗಳು. ಬಚ್ಚಲುಮನೆಯೂ ಇತ್ತು. ಆದರೆ ನಾನು ಬರುವ ಮುಂಚಿನಿಂದಲೂ ಅದರೊಳಗೆ ಹಳೆಯ ಕಡತಗಳನ್ನು ತುಂಬಿ ಬೀಗ ಹಾಕಿದ್ದರು. ಗಂಡಸರಿಗೆ ಹಿತ್ತಲ ಗೋಡೆ ಇತ್ತು. ಅವರಿಗೆ ಬೀಗದ ಯೋಚನೆಯೇ ಬರಲಿಲ್ಲ.

ಹೆಂಗಸರು ನಾವಿಬ್ಬರೇ. ನಾನು, ಮತ್ತೆ ನನಗಿಂತ ಬಹಳ ಹಿರಿಯರಾದ ಟೈಪಿಸ್ಟ್. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅಕ್ಕ ನನ್ನನ್ನು ಹಿಂದಿನ ರಸ್ತೆಯ ಒಂದು ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ್ದರು. ಆ ಮನೆಯಾಕೆ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಿದ್ದರು. ಹಿತ್ತಲಿನಲ್ಲಿ ಕಕ್ಕಸು. ನಾವು ಹೋಗುವುದು ಅದಕ್ಕೆ, ಆದರೆ ಬರೀ ಅದಕ್ಕೆ ಹೋದರೆ ಚೆನ್ನಾಗಿರುತ್ತದೆಯೇ? ಆದ್ದರಿಂದ ಹಪ್ಪಳ ಕೊಳ್ಳುತ್ತಿದ್ದೆವು. ಆಕೆ ಯಾವತ್ತೂ ಕೊಳ್ಳಿ ಎನ್ನಲಿಲ್ಲ, ನಾವು ಯಾವತ್ತೂ ಕೊಳ್ಳದೆ ಇರಲಿಲ್ಲ. ಹೊಸಹಳ್ಳಿಯ ನಮ್ಮ ಮನೆಯ ಡಬ್ಬಗಳಲ್ಲೆಲ್ಲ ಹಪ್ಪಳ. ನಮ್ಮತ್ತೆ ಒಂದು ದಿನ, ಇವಳಿಗೆ ಹಪ್ಪಳದ ಹುಚ್ಚು ಹಿಡಿದಿದೆ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಸುಮ್ಮನೆ ನಕ್ಕೆ.

ಕಚೇರಿಯಿಂದ ಎದ್ದು ಹೋಗುವಾಗ ಏನು ಹೇಳಬೇಕು? ಅದಕ್ಕೂ ಅಕ್ಕ ದಾರಿ ಮಾಡಿಟ್ಟಿದ್ದರು. ಟಪಾಲು ಒಯ್ಯುವ ಖಾಕಿ ಚೀಲ ಒಂದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು, "ಟಪಾಲಿಗೆ ಹೋಗಿ ಬರ್ತೀನಿ" ಎಂದರೆ ಮುಗಿಯಿತು. ಹೆಡ್ ಕ್ಲರ್ಕು ತಲೆ ಎತ್ತದೆ ಹೂಂಗುಟ್ಟುತ್ತಿದ್ದರು. ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಯಾರಾದರೂ ನಮ್ಮನ್ನು ಕೇಳಿಕೊಂಡು ಬಂದರೆ, "ಮೇಡಂ ಟಪಾಲಿಗೆ ಹೋಗಿದಾರೆ" ಎನ್ನುತ್ತಿದ್ದರು. ನಮ್ಮ ಮಾನ ಉಳಿಸುವ ಸುಳ್ಳು ಅದು. ಅದಕ್ಕಾಗಿ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದದ್ದುಂಟು.

ಆಮೇಲೆ ಹೊಸ ಅಧಿಕಾರಿ ಬಂದರು. ಕೆಟ್ಟವರಲ್ಲ. ಲಂಚ ಮುಟ್ಟುವವರಲ್ಲ, ಯಾರ ಮೇಲೂ ಕೂಗಾಡುವವರಲ್ಲ. ಬಸವೇಶ್ವರನಗರದಲ್ಲಿ ಮನೆ, ಮಧ್ಯಾಹ್ನ ಸ್ಕೂಟರಿನಲ್ಲಿ ಊಟಕ್ಕೆ ಹೋಗಿ ಬರುತ್ತಿದ್ದರು. ಅವರದ್ದು ಒಂದೇ ಹಟ: ಸಾರ್ವಜನಿಕರು ನಿಂತಿರುವಾಗ ಕುರ್ಚಿ ಖಾಲಿ ಇರಬಾರದು. ಅದೇನು ತಪ್ಪು ಹಟವಲ್ಲ. ಒಂದು ದಿನ ನನ್ನ ಮೇಜಿನ ಮುಂದೆ ಜನ ನಿಂತಿದ್ದಾರೆ, ಕುರ್ಚಿ ಖಾಲಿ. ಎಲ್ಲಿ ಎಂದು ಕೇಳಿದ್ದಾರೆ. ಹೆಡ್ ಕ್ಲರ್ಕು ಅಭ್ಯಾಸಬಲದಿಂದ, ಟಪಾಲಿಗೆ ಎಂದಿದ್ದಾರೆ. ಅಂದು ಅವಸರದಲ್ಲಿ ನಾನು ಚೀಲ ಬಿಟ್ಟು ಹೋಗಿದ್ದೆ. ಅದು ಕುರ್ಚಿಯ ಬೆನ್ನಿಗೆ ಎಲ್ಲರಿಗೂ ಕಾಣುವ ಹಾಗೆ ನೇತಾಡುತ್ತಿತ್ತು.

ವಾಪಸು ಬಂದಾಗ ಅಧಿಕಾರಿ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರು. ನನ್ನ ಬಾಯಿಂದ ಬಂದದ್ದು ಅದೇ ಮಾತು, ಟಪಾಲಿಗೆ ಸಾರ್. ಅವರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಮಾರನೆಯ ದಿನ ನೋಟೀಸು ಬಂತು. ಅನುಮತಿಯಿಲ್ಲದೆ ಸ್ಥಳ ಬಿಟ್ಟು ಹೋಗಿ ಸುಳ್ಳು ಕಾರಣ ಹೇಳಿದ್ದಕ್ಕೆ ವಿವರಣೆ ಕೊಡಬೇಕು.

ನಿಜ ಬರೆದುಬಿಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಹೇಳುವುದು ಸುಲಭ. ಆ ಕಾಗದವನ್ನು ಜವಾನ ಓದುತ್ತಾನೆ, ಹೆಡ್ ಕ್ಲರ್ಕು ಓದುತ್ತಾರೆ, ಷರಾ ಬರೆದು ಅಧಿಕಾರಿಯ ಮುಂದಿಡುತ್ತಾರೆ, ಮೇಲಿನ ಕಚೇರಿಗೂ ಹೋಗುತ್ತದೆ. ಇಷ್ಟು ಗಂಡಸರ ಕೈ ದಾಟುವ ಕಾಗದದಲ್ಲಿ ನಾನು ಕಕ್ಕಸಿಗೆ ಹೋಗಿದ್ದೆ ಎಂದು ಬರೆಯಬೇಕಿತ್ತು. ಪೆನ್ನು ಹಿಡಿದರೆ ಮುಖ ಸುಡುತ್ತಿತ್ತು. ಹೆಡ್ ಕ್ಲರ್ಕು ನನ್ನ ಪೇಚಾಟ ನೋಡಿ, "ತಪ್ಪಾಯ್ತು ಅಂತ ಬರ್ಕೊಟ್ಟುಬಿಡಿ ಮೇಡಂ, ಅಲ್ಲಿಗೆ ಮುಗೀತು" ಎಂದರು. ನಮ್ಮ ಕಚೇರಿಗಳಲ್ಲಿ ಎಲ್ಲಕ್ಕೂ ಅದೇ ಔಷಧಿ. ಬರೆದುಕೊಟ್ಟೆ. ತಪ್ಪಾಗಿದೆ, ಇನ್ನು ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇನೆ, ದಯಮಾಡಿ ಕ್ಷಮಿಸಬೇಕು.

ಏನು ಆಗದಂತೆ ನೋಡಿಕೊಳ್ಳುತ್ತೇನೆ? ಬರೆಯುವಾಗ ಅದು ಹೊಳೆಯಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ದೇಹಧರ್ಮವನ್ನು ತಡೆಯುತ್ತೇನೆ ಎಂದು ಸರ್ಕಾರಕ್ಕೆ ಲಿಖಿತವಾಗಿ ಬರೆದುಕೊಟ್ಟ ಮೊದಲನೆಯ ಪೆದ್ದಿ ನಾನೇ ಇರಬೇಕು.

ಆದರೂ ಪ್ರಯತ್ನಪಟ್ಟೆ. ಬೆಳಗಿನ ಕಾಫಿ ಬಿಟ್ಟೆ. ಮಧ್ಯಾಹ್ನವೂ ನೀರು ಬಿಟ್ಟೆ. ತಲೆನೋವು, ಉರಿ, ಜ್ವರ. ವಿಜಯನಗರದ ಡಾಕ್ಟರು ಬೈದರು, ದಿನವಿಡೀ ಹೀಗೆ ತಡೆದುಕೊಂಡರೆ ಮೂತ್ರಪಿಂಡ ಹಾಳಾಗುತ್ತದೆ, ನೀರು ಕುಡಿಯಬೇಕು ಎಂದರು. ಕುಡಿದೆ. ಕುಡಿದ ಮೇಲೆ ಹೋಗಲೇಬೇಕಲ್ಲ. ಹೋದೆ. ಅಧಿಕಾರಿ ಈಗ ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದರು. ಮತ್ತೆ ಸಿಕ್ಕಿಬಿದ್ದೆ, ಮತ್ತೊಮ್ಮೆಯೂ ಸಿಕ್ಕಿಬಿದ್ದೆ.

ಈ ಸಲ ಬಂದದ್ದು ನೋಟೀಸಲ್ಲ, ಮೇಲಿನ ಕಚೇರಿಯಿಂದ ಆರೋಪ ಪಟ್ಟಿ. ಪದೇ ಪದೇ ಕರ್ತವ್ಯದ ಸ್ಥಳ ಬಿಟ್ಟು ಹೋಗುವುದು, ಲಿಖಿತ ಭರವಸೆ ಮುರಿದದ್ದು, ಮೇಲಧಿಕಾರಿಗೆ ಸುಳ್ಳು ಹೇಳಿದ್ದು. ಇವನ್ನು ರುಜುವಾತುಪಡಿಸುವ ದಾಖಲೆಗಳ ಪೈಕಿ ಮೊದಲನೆಯದೇ ನನ್ನ ಕ್ಷಮಾಪಣೆ ಪತ್ರ. ನೌಕರಿಯಿಂದ ತೆಗೆದುಹಾಕುವವರೆಗೆ ಯಾವ ದಂಡನೆಯನ್ನಾದರೂ ಕೊಡಬಹುದಾದ ನಿಯಮದಡಿ ಅದನ್ನು ಹೊರಡಿಸಿದ್ದರು. ಅದನ್ನು ಟೈಪು ಮಾಡಿದವರು ಮೇಲಿನ ಕಚೇರಿಯವರು. ಓದಿ ಮಡಿಸಿ ನನ್ನ ಕೈಗೆ ಕೊಟ್ಟವರು ನಮ್ಮ ಅಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಯಲ್ಲಿ ಗಂಡನಿಗೆ ತೋರಿಸಿದೆ. ಅವರು ಖಾಸಗಿ ಕಾರ್ಖಾನೆಯ ನೌಕರ. ಆ ವರ್ಷ ಅಲ್ಲಿ ಲಾಕೌಟ್ ಬೇರೆ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಮನೆಯಲ್ಲಿ ನಿಜವಾದ ಕಾರಣ ತಿಳಿದಿದ್ದವರು ಅವರೊಬ್ಬರೇ. ಅದನ್ನೇ ಉತ್ತರದಲ್ಲಿ ಬರೆದುಬಿಡಲೇ ಎಂದು ಕೇಳಿದೆ.

"ಆಫೀಸಲ್ಲಿ ಇದನ್ನೆಲ್ಲ ಹೇಳೋಕಾಗುತ್ತೇನೇ? ನಾಳೆ ನಿನ್ನ ನೋಡಿದಾಗೆಲ್ಲ ಅವರಿಗೆ ಅದೇ ನೆನಪಾಗಲ್ವಾ?"

ನನ್ನ ಭಯವೂ ಅದೇ ಆಗಿತ್ತು. ಆದ್ದರಿಂದ ಅವರ ಮೇಲೆ ಸಿಟ್ಟೂ ಬರಲಿಲ್ಲ.

ಮಾಗಡಿ ರಸ್ತೆಯ ಒಬ್ಬ ವಕೀಲರ ಬಳಿ ಹೋದೆವು. ಸರ್ಕಾರಿ ನೌಕರರ ತಕರಾರುಗಳಿಗೆಂದೇ ಆಗ ಹೊಸದಾಗಿ ನ್ಯಾಯಮಂಡಳಿ ಶುರುವಾಗಿತ್ತು. ಅಲ್ಲಿ ಕೇಸು ಹಾಕಿ ಇದನ್ನು ನಿಲ್ಲಿಸಿಬಿಡಬಹುದು ಎಂದು ನಾನು ಅಂದುಕೊಂಡಿದ್ದೆ. ವಕೀಲರು ಸಮಾಧಾನವಾಗಿ ಬಿಡಿಸಿ ಹೇಳಿದರು. ಈಗಿರುವುದು ಬರೀ ಆರೋಪ, ಆದೇಶವಲ್ಲ. ಈಗಲೇ ಹೋದರೆ, ಮೊದಲು ಇಲಾಖೆಯಲ್ಲಿ ಉತ್ತರ ಕೊಡಿ ಎಂದು ವಾಪಸು ಕಳಿಸುತ್ತಾರೆ. ಉತ್ತರ ಕೊಡಬೇಕು, ಆರೋಪ ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಹಕ್ಕು ನನಗಿದೆ, ನನ್ನ ಕಡೆಯ ಸಾಕ್ಷಿ ಕರೆಸುವ ಹಕ್ಕಿದೆ. ಶಿಕ್ಷೆಯಾದರೆ ಮೇಲ್ಮನವಿ, ಅದೂ ಫಲಿಸದಿದ್ದರೆ ಆಮೇಲೆ ನ್ಯಾಯಮಂಡಳಿ. ವಿಚಾರಣೆಯಲ್ಲಿ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ, ಆದರೆ ಇನ್ನೊಬ್ಬ ಸರ್ಕಾರಿ ನೌಕರನ ನೆರವು ಪಡೆಯಬಹುದು. ಕಾಮಾಕ್ಷಿಪಾಳ್ಯದಲ್ಲಿ ಅಂಥವರೊಬ್ಬರು ಇದ್ದಾರೆ, ಬೇರೆ ಇಲಾಖೆಯವರು, ಎಷ್ಟೋ ಜನರ ಪರವಾಗಿ ಕೂತಿದ್ದಾರೆ ಎಂದು ವಿಳಾಸ ಬರೆದುಕೊಟ್ಟರು. ಕೊನೆಗೆ, "ಒಂದು ಮಾತಮ್ಮ, ಅವರ ಹತ್ರ ಏನೂ ಮುಚ್ಚಿಡಬೇಡಿ" ಎಂದರು. ಆಗಲಿ ಎಂದು ತಲೆಯಾಡಿಸಿ ಬಂದೆ.

ಮುಚ್ಚಿಟ್ಟೆ.

ನೆರವಿಗೆ ಬಂದವರು ಎತ್ತರದ ಆಳು, ಮಾತಿಗೆ ಮುಂಚೆ ನಿಯಮದ ಸಂಖ್ಯೆ ಹೇಳುವ ಗತ್ತು. ತಮ್ಮ ನೆರವಿನಿಂದ ನೌಕರಿ ಉಳಿಸಿಕೊಂಡವರ ಕಥೆಗಳನ್ನು ಹೇಳುವುದೆಂದರೆ ಅವರಿಗೆ ಬಲು ಇಷ್ಟ. ಎದುರು ಕೂತು ನಿಜ ಹೇಳಲು ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ. ಟಪಾಲು ಕೊಡಲು ಹೋಗಿದ್ದೆ ಸಾರ್ ಎಂದೆ. ಚೀಲ? ಕಾಗದ ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ. ಹಾಗಾದರೆ ತಪ್ಪೊಪ್ಪಿಗೆ ಯಾಕೆ ಬರೆದಿರಿ? ಹೆದರಿಕೆಯಿಂದ. ಅವರು ಖುಷಿಯಾಗಿ ಕೈ ತಟ್ಟಿದರು. ವಿನಯಕ್ಕೆ ಬರೆದ ಕ್ಷಮಾಪಣೆ ತಪ್ಪೊಪ್ಪಿಗೆ ಆಗುವುದಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಅಂದೇ ಉತ್ತರ ತಯಾರಾಯಿತು. ಆರೋಪಗಳನ್ನೆಲ್ಲ ನಿರಾಕರಿಸಿದ್ದೇನೆ, ಕಚೇರಿ ಕೆಲಸದ ನಿಮಿತ್ತವೇ ಹೊರಗೆ ಹೋಗಿದ್ದೇನೆ. ನನ್ನ ಸುಳ್ಳಿಗೆ ಅವರು ಇಸ್ತ್ರಿ ಮಾಡಿ ಕೊಟ್ಟಿದ್ದರು. ವಿಚಾರಣೆಯ ತಯಾರಿಗೆಂದು ಆಮೇಲೂ ಕಚೇರಿ ಬಿಟ್ಟ ಮೇಲೆ, ಭಾನುವಾರಗಳಂದು ಎಷ್ಟೋ ಸಲ ಅವರ ಮನೆಗೆ ಹೋದೆ.

ವಿಚಾರಣೆ ನಡೆದದ್ದು ನಮ್ಮ ಕಚೇರಿಯಲ್ಲೇ. ಸಾಕ್ಷಿಗಳೆಲ್ಲ ಇಲ್ಲೇ ಇದ್ದಾರಲ್ಲ, ಅನುಕೂಲ ಎಂದು ವಿಚಾರಣಾಧಿಕಾರಿ ಇಲ್ಲಿಗೇ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ, ನಿಧಾನವಾಗಿ ಮಾತಾಡುವ ಮನುಷ್ಯ. ಅಧಿಕಾರಿಯ ಕೋಣೆಯನ್ನೇ ಬಿಡಿಸಿಕೊಟ್ಟರು. ಬಾಗಿಲಿಗೆ ಒಂದು ತೆಳು ಪರದೆ, ಆಚೆ ಹಾಲಿನಲ್ಲಿ ಇಡೀ ಕಚೇರಿ. ಹೇಳಿಕೆ ಟೈಪು ಮಾಡಲು ಇದ್ದವರು ಒಬ್ಬರೇ, ನಮ್ಮ ಅಕ್ಕ. ಸಾಕ್ಷಿ ಹೇಳಿದ್ದನ್ನು ವಿಚಾರಣಾಧಿಕಾರಿ ವಾಕ್ಯ ಮಾಡಿ ಹೇಳುತ್ತಿದ್ದರು, ಅಕ್ಕ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆಯುತ್ತಿದ್ದರು.

ಮೊದಲ ದಿನ ಹೆಡ್ ಕ್ಲರ್ಕರ ಸರದಿ. ಇಲಾಖೆಯ ಪರ ಪ್ರಶ್ನೆ ಕೇಳಲು ಬಂದಿದ್ದವರು ಮೊದಲೇ ಅಂಚೆ ಕಚೇರಿಯಲ್ಲಿ, ಅಕ್ಕಪಕ್ಕದ ಕಚೇರಿಗಳಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಆರೋಪದಲ್ಲಿ ಹೇಳಿದ ದಿನಗಳಲ್ಲಿ ನಮ್ಮಿಂದ ಎಲ್ಲಿಗೂ ಟಪಾಲು ಹೋಗಿರಲಿಲ್ಲ. ಹಾಗಿದ್ದರೆ ಟಪಾಲಿಗೆ ಹೋಗಿದ್ದಾರೆ ಎಂದು ಯಾಕೆ ಹೇಳಿದಿರಿ ಎಂದು ಕೇಳಿದರು. ಹೆಡ್ ಕ್ಲರ್ಕು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ.

"ಅವರು ಹಾಗೆ ಹೇಳಿ ಹೋಗಿದ್ರು ಸಾರ್. ನಾನು ನಂಬಿದೆ."

ಅವರ ತಲೆಯ ಮೇಲೂ ನೋಟೀಸು ತೂಗುತ್ತಿತ್ತು. ಮೂರು ಹೆಣ್ಣು ಮಕ್ಕಳ ತಂದೆ. ನಮ್ಮ ಮಾನ ಕಾಪಾಡಲು ಹೇಳುತ್ತಿದ್ದ ಸುಳ್ಳನ್ನು ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ನನ್ನ ಪರವಾಗಿ ಕೂತವರ ಗತ್ತೆಲ್ಲ ಇಳಿದು ಹೋಗಿತ್ತು. ಪಾಟೀಸವಾಲಿಗೆ ಕಾಲಾವಕಾಶ ಬೇಕು ಎಂದು ಕೇಳಿ ಮುಂದಿನ ವಾರಕ್ಕೆ ಹಾಕಿಸಿಕೊಂಡರು. ಹೊರಗೆ ಬಂದು ನನ್ನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು.

ಅವತ್ತು ಸಂಜೆ ಕಚೇರಿ ಬಿಟ್ಟ ಮೇಲೆ ಕಾಮಾಕ್ಷಿಪಾಳ್ಯದ ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ಎಂದಿನಂತೆ ನಾನು ಮೊದಲು ಕೇಳಿದ್ದು, ಸ್ವಲ್ಪ ಬಚ್ಚಲಿಗೆ ಹೋಗಬಹುದೇ ಎಂದು. ಬಂದು ಕೂತಾಗ ಆಕೆಯ ಗಂಡ ಬುಸುಗುಟ್ಟುತ್ತಿದ್ದರು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಮೂರ್ಖನನ್ನಾಗಿ ಮಾಡಿರಲಿಲ್ಲ, ನಿಜ ಹೇಳದಿದ್ದರೆ ಇಲ್ಲಿಗೇ ನನ್ನ ನೆರವು ಮುಗಿಯಿತು, ನಿಮ್ಮ ನೌಕರಿಯನ್ನು ನೀವೇ ನೋಡಿಕೊಳ್ಳಿ ಎಂದರು. ನಾನು ಸೆರಗಿನ ತುದಿ ಸುತ್ತುತ್ತಾ ಕೂತೆ. ಕಾಫಿ ತಂದಿಟ್ಟ ಅವರ ಹೆಂಡತಿ ಅಲ್ಲೇ ನಿಂತರು.

"ಒಂದು ಕೇಳ್ಲಾ? ನೀವು ಆಫೀಸಿಂದ ನಮ್ಮನೆಗೆ ಬಂದಾಗೆಲ್ಲ ಮೊದಲು ಬಚ್ಚಲಿಗೆ ಓಡ್ತೀರ. ಭಾನುವಾರ ಬಂದ್ರೆ ಹೋಗಲ್ಲ. ನಿಮ್ಮ ಆಫೀಸಲ್ಲಿ ಇಲ್ವೇನ್ರೀ?"

ಆ ಹೆಂಗಸಿನ ಮುಂದೆ ನನಗೆ ತಡೆಯಲಾಗಲಿಲ್ಲ. ಅಳು ನುಗ್ಗಿಕೊಂಡು ಬಂತು. ಹಪ್ಪಳದ ಮನೆ, ಚೀಲ, ಕ್ಷಮಾಪಣೆ, ಡಾಕ್ಟರು, ಎಲ್ಲವನ್ನೂ ಆಕೆಗೆ ಹೇಳಿದೆ, ಆಕೆಗೆ ಮಾತ್ರ ಹೇಳುತ್ತಿದ್ದೇನೆ ಎಂಬಂತೆ. ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಮುಗಿದಾಗ ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಆಮೇಲೆ ಕಾಗದ ತೆಗೆದುಕೊಂಡು ಬರೆಯಲು ಕೂತರು. ಅವರು ಬರೆದದ್ದನ್ನು ಬಗ್ಗಿ ನೋಡಿದೆ. ದೇಹಬಾಧೆಯ ನಿಮಿತ್ತ ಎಂದು ಬರೆದು, ಹೊಡೆದು ಹಾಕಿ, ಅನಿವಾರ್ಯ ಕಾರಣ ಎಂದು ಬರೆದು, ಅದನ್ನೂ ಹೊಡೆದು ಹಾಕಿದ್ದರು. ಇಷ್ಟು ನಿಯಮ ಬಲ್ಲ ಗಂಡಸಿಗೂ ಆ ಮಾತು ಬರೆಯಲು ಕೈ ಬರಲಿಲ್ಲ.

ಕಡೆಗೆ ಅವರು ಒಂದು ಉಪಾಯ ಹೇಳಿದರು. ಹೆಡ್ ಕ್ಲರ್ಕನ್ನು ಬಿಟ್ಟುಬಿಡೋಣ, ಮುಂದಿನ ಸಾಕ್ಷಿ ಅಧಿಕಾರಿ. ನೀವು ಎಲ್ಲಿಗೆ ಹೋಗಿದ್ದಿರಿ ಎಂದು ನೀವು ಹೇಳುವುದಕ್ಕಿಂತ, ನಿಮ್ಮ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದು ಅವರನ್ನು ಕೇಳೋಣ. ಆಮೇಲೆ ವಿಚಾರಣಾಧಿಕಾರಿ ಸ್ಥಳ ಪರಿಶೀಲನೆ ಮಾಡಲಿ ಎಂದು ಅರ್ಜಿ ಕೊಡೋಣ. ಒಂದೇ ಪ್ರಶ್ನೆ. ಅದನ್ನು ನಾನೇ ಕೇಳುತ್ತೇನೆ, ನೀವು ಸುಮ್ಮನೆ ಕೂತಿರಿ. ನನಗೆ ಎಷ್ಟೋ ಹಗುರವೆನಿಸಿತು. ಆದರೆ ಪ್ರಶ್ನೆ ಕೇಳಿದ ಮೇಲೆ ಅಕ್ಕನ ಹೆಸರೂ ಬರುತ್ತದಲ್ಲ. ಕಚೇರಿಯಲ್ಲಿರುವ ಹೆಂಗಸರು ಇಬ್ಬರೇ.

ಮಾರನೆಯ ದಿನ ಹಪ್ಪಳದ ಮನೆಯ ಹಿತ್ತಲಿನಲ್ಲಿ ಅಕ್ಕನಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ನನ್ನ ಕೈ ಹಿಡಿದುಕೊಂಡರು.

"ಬೇಡ ಕಣೇ. ಮಗಳಿಗೆ ಗಂಡು ನೋಡ್ತಾ ಇದೀವಿ. ನಿನ್ನ ದಮ್ಮಯ್ಯ, ನನ್ನ ಹೆಸರು ಎತ್ತಬೇಡ. ಇಷ್ಟು ವರ್ಷ ಹೆಂಗೋ ತಳ್ಳಿದೀನಿ, ಇನ್ನು ಸ್ವಲ್ಪ ವರ್ಷ."

ನಿಮ್ಮ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಹಾಗೆ ಅಂಗಲಾಚಿದ್ದಕ್ಕೆ ಅವರಿಗೂ ನಾಚಿಕೆ, ಅವರನ್ನು ಆ ಸ್ಥಿತಿಗೆ ತಂದದ್ದಕ್ಕೆ ನನಗೂ ನಾಚಿಕೆ. ಇಬ್ಬರೂ ಹಪ್ಪಳ ತೆಗೆದುಕೊಂಡು ಬೇರೆ ಬೇರೆಯಾಗಿ ಕಚೇರಿಗೆ ಬಂದೆವು.

ಎರಡನೆಯ ದಿನದ ವಿಚಾರಣೆ. ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ತಾವು ಕಂಡದ್ದನ್ನು ಉಪ್ಪು ಖಾರ ಹಚ್ಚದೆ ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕುರ್ಚಿ ಖಾಲಿ ಇತ್ತು, ಜನ ಕಾಯುತ್ತಿದ್ದರು, ಚೀಲ ಅಲ್ಲೇ ಇತ್ತು. ಪಾಟೀಸವಾಲಿಗೆ ನನ್ನ ಕಡೆಯವರು ಎದ್ದು ನಿಂತರು. ಕೆಮ್ಮಿದರು. ಕಾಗದ ನೋಡಿದರು. ತಮ್ಮ ಕಚೇರಿಯ ಕಟ್ಟಡ ಬಾಡಿಗೆಯದೇ ಎಂದು ಕೇಳಿದರು. ಹೌದು. ಕೋಣೆಗಳೆಷ್ಟು ಎಂದು ಕೇಳಿದರು. ಅಧಿಕಾರಿ ಹೇಳಿದರು. ಗಾಳಿ ಬೆಳಕು ಚೆನ್ನಾಗಿದೆಯೇ ಎಂದು ಕೇಳಿದರು. ವಿಚಾರಣಾಧಿಕಾರಿ ಕನ್ನಡಕ ತೆಗೆದು, ಇದಕ್ಕೂ ಆರೋಪಕ್ಕೂ ಏನು ಸಂಬಂಧ ಎಂದರು. ನನ್ನ ಕಡೆಯವರ ಮುಖ ಕಿವಿಯವರೆಗೂ ಕೆಂಪೇರಿತ್ತು. ಪಕ್ಕದಲ್ಲಿ ಅಕ್ಕ ಟೈಪ್‌ರೈಟರಿನ ಮೇಲೆ ಬೆರಳಿಟ್ಟು ಕೂತಿದ್ದಾರೆ. ಪರದೆಯ ಆಚೆ ಎಲ್ಲರೂ ಕಿವಿಗೊಟ್ಟಿದ್ದಾರೆ.

ಬೇರೆ ಪ್ರಶ್ನೆ ಇಲ್ಲದಿದ್ದರೆ ಮುಗಿಸೋಣ ಎಂದು ವಿಚಾರಣಾಧಿಕಾರಿ ಹೇಳಿದರು. ನನ್ನ ಕಡೆಯವರು ಕುಳಿತುಬಿಟ್ಟರು. ಮುಗಿದರೆ ನನ್ನ ನೌಕರಿಯೂ ಮುಗಿಯಿತು, ಲಾಕೌಟಾದ ಗಂಡ, ಅತ್ತೆ, ಮಗು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಎದ್ದು ನಿಂತೆ. ನಾನೇ ಒಂದು ಪ್ರಶ್ನೆ ಕೇಳಬಹುದೇ ಎಂದೆ. ಕೇಳಬಹುದು, ನಿಮಗೆ ಹಕ್ಕಿದೆ ಎಂದರು. ಅಧಿಕಾರಿಯ ಮುಖ ನೋಡಲಾಗಲಿಲ್ಲ, ಅವರ ಅಂಗಿಯ ಗುಂಡಿ ನೋಡಿಕೊಂಡು ಕೇಳಿದೆ.

"ಸಾರ್, ಈ ಆಫೀಸಲ್ಲಿ ಹೆಂಗಸರು ಒಂದಕ್ಕೆ ಎಲ್ಲಿಗೆ ಹೋಗಬೇಕು?"

ಅಭ್ಯಾಸ ಮಾಡಿಕೊಂಡು ಬಂದಿದ್ದ ಶೌಚಾಲಯ ಎಂಬ ಮರ್ಯಾದೆಯ ಪದ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಮನೆಯಲ್ಲಿ ಮಗುವಿಗೆ ಹೇಳುವ ಮಾತೇ ಬಂದುಬಿಟ್ಟಿತು. ಆಚೆ ಯಾರೋ ಕುರ್ಚಿ ಎಳೆದ ಸದ್ದು. ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅಂಥ ಶಿಸ್ತಿನ ಅಧಿಕಾರಿ ಮೇಜಿನ ಮೇಲಿನ ಪೇಪರ್‌ವೇಯ್ಟನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. ಇದು ನನ್ನ ಗಮನಕ್ಕೆ ಬಂದಿರಲಿಲ್ಲ ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿದರು. ವಿಚಾರಣಾಧಿಕಾರಿ ಅಕ್ಕನ ಕಡೆ ತಿರುಗಿ, ಪ್ರಶ್ನೆ, ಉತ್ತರ ಎರಡನ್ನೂ ಹಾಕಿಕೊಳ್ಳಿ ಎಂದರು.

ಅಕ್ಕ ಹೊಡೆಯಲಿಲ್ಲ. ಬೆರಳುಗಳು ಅಲ್ಲೇ ಇದ್ದವು. ಹಾಕಿಕೊಳ್ಳಿ ಎಂದು ಇನ್ನೊಮ್ಮೆ ಹೇಳಿದರು. ಅಕ್ಕ ತಲೆ ಎತ್ತದೆ, ಯಂತ್ರದ ಜೊತೆ ಮಾತಾಡುವವರಂತೆ ಹೇಳಿದರು.

"ಹಿಂದಿನ ರಸ್ತೆಯ ಹಪ್ಪಳದ ಮನೆಗೆ ಸಾರ್. ನಾನೂ ಅಲ್ಲಿಗೇ ಹೋಗ್ತೀನಿ. ಇವಳು ಬರೋಕೆ ಮುಂಚಿಂದ್ಲೂ. ಟಪಾಲು ಅಂತ ಹೇಳೋದು ಕಲಿಸಿದ್ದೂ ನಾನೇ. ಅದನ್ನೂ ಹಾಕ್ಕೊಳ್ಲಾ?"

ಟೈಪಿಸ್ಟು ಹೀಗೆ ನಡುವೆ ಮಾತಾಡುವಂತಿಲ್ಲ. ಇಲಾಖೆಯ ಪರ ಕೂತವರು ಆಕ್ಷೇಪಣೆ ಎತ್ತಿದರು. ವಿಚಾರಣಾಧಿಕಾರಿ, ಇವರನ್ನು ನಿಮ್ಮ ಕಡೆಯ ಸಾಕ್ಷಿಯಾಗಿ ಕರೆಯುತ್ತೀರಾ ಎಂದು ನನ್ನನ್ನು ಕೇಳಿದರು. ನಾನು ಅಕ್ಕನನ್ನು ನೋಡಿದೆ. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆದರೂ ಹೂಂ ಎಂದು ತಲೆಯಾಡಿಸಿದರು. ಕರೆಯುತ್ತೇನೆ ಎಂದೆ. ಅಕ್ಕ ಎದ್ದು ಸಾಕ್ಷಿಯ ಕುರ್ಚಿಗೆ ಬಂದರು. ಟೈಪು ಮಾಡಲು ಇನ್ನು ಯಾರೂ ಇರಲಿಲ್ಲ. ವಿಚಾರಣಾಧಿಕಾರಿ ತಮ್ಮ ಪೆನ್ನು ತೆಗೆದು, ಅಕ್ಕನ ಹೇಳಿಕೆಯನ್ನು ಒಂದೊಂದು ಮಾತು ಬಿಡದೆ ಕೈಯಲ್ಲೇ ಬರೆದುಕೊಂಡರು.

ಆಮೇಲೆ ಬಚ್ಚಲುಮನೆಯ ಬೀಗದ ಕೈ ತರಿಸಿ ಎಂದರು. ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಜವಾನ ಸುತ್ತಿಗೆಯಿಂದ ಬೀಗ ಒಡೆದ. ಬಾಗಿಲು ಅರ್ಧ ತೆರೆಯಿತು, ಅಷ್ಟಕ್ಕೇ ಒಳಗಿನ ಕಟ್ಟುಗಳು ಅಡ್ಡ ಬಂದವು. ಕಕ್ಕಸಿನ ಗುಂಡಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಸೂರಿನವರೆಗೂ ಕಡತ ಪೇರಿಸಿದ್ದರು. ಗೆದ್ದಲು ಹಿಡಿದಿತ್ತು. ಇಡೀ ಕಚೇರಿ ಹಾಲಿನಲ್ಲಿ ನಿಂತು ನೋಡುತ್ತಿತ್ತು. ನಾನು ಮತ್ತು ಅಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಗೆದ್ದಂತೆ ಅನ್ನಿಸಬೇಕಿತ್ತು, ನಿಜ. ಅಷ್ಟು ಜನ ಗಂಡಸರು ನಾವು ಕೂರಬೇಕಿದ್ದ ಜಾಗವನ್ನು ಕತ್ತು ಚಾಚಿ ನೋಡುತ್ತಿದ್ದಾಗ ನನಗೆ ಅನ್ನಿಸಿದ್ದು ಮೈ ಮುಚ್ಚಿಕೊಳ್ಳಬೇಕು ಎಂದು ಮಾತ್ರ.

ವರದಿ ನನ್ನ ಪರವಾಗಿತ್ತು. ಸ್ಥಳ ಬಿಟ್ಟು ಹೋದದ್ದಕ್ಕೆ ತಕ್ಕ ಕಾರಣವಿತ್ತು, ಅಂಥ ಭರವಸೆಯನ್ನು ಯಾವ ನೌಕರರೂ ಪಾಲಿಸಲಾರರು ಎಂದು ಬರೆದಿದ್ದರು. ನೌಕರಿ ಉಳಿಯಿತು. ಸುಳ್ಳು ಹೇಳಿದ್ದು ಮಾತ್ರ ರುಜುವಾತಾಯಿತು. ಅದಕ್ಕೆ ವಾಗ್ದಂಡನೆ, ಅಂದರೆ ಸೇವಾ ಪುಸ್ತಕದಲ್ಲಿ ಒಂದು ಛೀಮಾರಿ. ನನ್ನ ಕಡೆಯವರು ಕುಣಿದಾಡಿದರು. ಇದಕ್ಕೂ ಮೇಲ್ಮನವಿ ಹಾಕೋಣ, ಆಗದಿದ್ದರೆ ನ್ಯಾಯಮಂಡಳಿಗೆ ಹೋಗೋಣ, ಅಂಥ ಪರಿಸ್ಥಿತಿಯಲ್ಲಿ ಹೇಳಿದ ಸುಳ್ಳು ಸುಳ್ಳೇ ಅಲ್ಲ ಎಂದು ವಾದಿಸೋಣ ಎಂದರು. ಬಡ್ತಿಯ ಪಟ್ಟಿ ತಯಾರಾಗುವಾಗ ಈ ಛೀಮಾರಿ ಅಡ್ಡ ಬರುತ್ತದೆ ಎಂದೂ ಎಚ್ಚರಿಸಿದರು. ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ಆದರೆ ಮೇಲ್ಮನವಿ ಎಂದರೆ ಇದನ್ನೆಲ್ಲ ಮತ್ತೆ ಬರೆಯಬೇಕು, ಇನ್ನಷ್ಟು ಅಪರಿಚಿತರು ಓದಬೇಕು. ಆಗಲಿ ನೋಡೋಣ ಎಂದೆ. ಅವಧಿ ಮುಗಿಯುವವರೆಗೂ ಕಾಮಾಕ್ಷಿಪಾಳ್ಯದ ಕಡೆ ತಲೆ ಹಾಕಲಿಲ್ಲ. ಮುಂದೆ ನನಗಿಂತ ಕಿರಿಯರಿಗೆ ಬಡ್ತಿ ಬಂದಾಗ ಯಾರನ್ನೂ ದೂರುವಂತಿರಲಿಲ್ಲ.

ಅಕ್ಕನ ಮಗಳ ಮದುವೆ ಏನೂ ನಿಲ್ಲಲಿಲ್ಲ. ಆ ಗಂಡಿನವರಿಗೆ ನಮ್ಮ ಕಚೇರಿಯ ಸುದ್ದಿ ಕಟ್ಟಿಕೊಂಡು ಏನಾಗಬೇಕಿತ್ತು?

ಬಚ್ಚಲುಮನೆಯ ಕಡತಗಳನ್ನು ಸಾಗಿಸಲು ಮೇಲಿನ ಕಚೇರಿಯ ಅನುಮತಿ ಬೇಕಾಗಿತ್ತು. ಅನುಮತಿ ಬರುವಷ್ಟರಲ್ಲಿ ಇನ್ನೊಂದು ಬೇಸಿಗೆ ಕಳೆಯಿತು. ಅಲ್ಲಿಯವರೆಗೆ ನಾವು ಹಪ್ಪಳದ ಮನೆಗೇ ಹೋಗುತ್ತಿದ್ದೆವು. ಈಗ ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾವು ಎದ್ದರೆ ಸಾಕು, ಎಲ್ಲರೂ ಒಟ್ಟಿಗೆ ಕಡತದೊಳಗೆ ಮುಖ ಹುದುಗಿಸುತ್ತಿದ್ದರು. ಅದು ಮೊದಲಿನ ಸುಳ್ಳಿಗಿಂತ ಕಷ್ಟವಾಗಿತ್ತು. ಕೊನೆಗೊಂದು ದಿನ ಲಾರಿ ಬಂದು ಕಟ್ಟುಗಳನ್ನೆಲ್ಲ ಕೆಂಗೇರಿಯ ಉಗ್ರಾಣಕ್ಕೆ ಒಯ್ದಿತು. ಅಧಿಕಾರಿ ಸ್ವಂತ ಆಸ್ಥೆ ವಹಿಸಿ ಸುಣ್ಣ ಹೊಡೆಸಿದರು, ಹೊಸ ನಲ್ಲಿ ಹಾಕಿಸಿದರು, ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದರು. ನನ್ನೆದುರು ಬಂದು, ರೆಡಿಯಾಗಿದೆ ಮೇಡಂ ಎಂದು ಮಾತ್ರ ಹೇಳಿ, ಕಣ್ಣು ತಪ್ಪಿಸಿ ಒಳಗೆ ಹೋದರು.

ಆ ಬಾಗಿಲು ಇದ್ದದ್ದು ಹಾಲಿನ ಆ ತುದಿಯಲ್ಲಿ. ಎಲ್ಲರ ಮೇಜುಗಳ ನಡುವೆ ಹಾದು ಹೋಗಬೇಕು. ಅಕ್ಕ, ನೀನು ಮೊದಲು ಹೋಗು ಎಂದು ಕಣ್ಣಿನಲ್ಲೇ ಹೇಳಿದರು. ಬೆಳಿಗ್ಗೆಯಿಂದ ಬೇಕೆಂದೇ ನೀರು ಕುಡಿದಿದ್ದೆ. ಎದ್ದೆ. ಯಾರೂ ತಲೆ ಎತ್ತಲಿಲ್ಲ. ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಒಳಗೆ ಹೋಗಿ, ಹೊಸ ಚಿಲಕ ಹಾಕಿಕೊಂಡು, ಸುಣ್ಣದ ಗೋಡೆಗೆ ಒರಗಿ ಉಸಿರು ಬಿಟ್ಟೆ. ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗ ನೋಡಿದೆ. ಹೆಗಲ ಮೇಲೆ ಟಪಾಲಿನ ಚೀಲ ಇತ್ತು.